ಅಜ್ಜಿಯ ಎಡೆಗೆ ಸ್ಯಾಂಡ್‌ವಿಚ್ಚು

ನಮ್ಮ ಸೋದರಮಾವ ಬ್ರೆಡ್ಡನ್ನು ಆಹಾರ ಎಂದು ಒಪ್ಪಿಕೊಂಡವರೇ ಅಲ್ಲ. ಅವರ ಪ್ರಕಾರ ಅದೊಂದು ಔಷಧಿ. ಜ್ವರ ಬಂದವರಿಗೆ ಹಾಲಲ್ಲಿ ಅದ್ದಿ ಕೊಡಬೇಕು, ಜ್ವರ ಬಿಟ್ಟ ಕೂಡಲೇ ನಿಲ್ಲಿಸಬೇಕು. ಗಟ್ಟಿಮುಟ್ಟಾಗಿರುವ ಮನುಷ್ಯ ಬ್ರೆಡ್ಡು ತಿನ್ನುವುದೆಂದರೆ ಸುಮ್ಮಸುಮ್ಮನೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡ ಹಾಗೆ. ಇಂಥವರು ಇಡೀ ನಾಯಂಡಹಳ್ಳಿಯಲ್ಲಿ ಮೊಟ್ಟಮೊದಲ ಸ್ಯಾಂಡ್‌ವಿಚ್ ತಯಾರಿಸಿದರು ಎಂದರೆ ನೀವು ನಂಬುತ್ತೀರಾ? ಬೇಡ, ನಂಬಬೇಡಿ. ಅವರ ಕೈಹಿಡಿದ ನಮ್ಮತ್ತೆಯೇ ಎದುರಿಗೆ ನಿಂತು ನೋಡಿಯೂ ನಂಬಿರಲಿಲ್ಲ!

ಇದು ಎಂಬತ್ತರ ದಶಕದ ಮಾತು. ಆಗ ನಾಯಂಡಹಳ್ಳಿ ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಮೈಸೂರು ರಸ್ತೆಗೆ ಮುಖ ಮಾಡಿ ನಿಂತರೆ ಲಾರಿ, ಗ್ಯಾರೇಜು, ಗೋಡೌನು. ಬೆನ್ನು ಮಾಡಿ ನಿಂತರೆ ಹುಲ್ಲಿನ ಮೆದೆ, ಎಮ್ಮೆ, ತಿಪ್ಪೆ. ಮಾವ ಎರಡು ಕಡೆಗೂ ಸೇರಿದವರು. ಬೆಳಗ್ಗೆ ಎಮ್ಮೆ ಹಾಲು ಕರೆದು, ಆಮೇಲೆ ರಸ್ತೆ ಬದಿಯ ತಮ್ಮ ಗ್ಯಾರೇಜಿಗೆ ಹೋಗಿ ಲಾರಿ ಕೆಳಗೆ ತೂರಿಕೊಳ್ಳುತ್ತಿದ್ದರು. ಸಂಜೆ ಹೊರಗೆ ಬಂದಾಗ ಎಮ್ಮೆಗೂ ಅವರಿಗೂ ಬಣ್ಣದಲ್ಲಿ ಅಂಥ ವ್ಯತ್ಯಾಸವೇನೂ ಇರುತ್ತಿರಲಿಲ್ಲ. ನಾವು, ಅಂದರೆ ಅಪ್ಪ, ಅಮ್ಮ ಮತ್ತು ನಾನು, ವಿಜಯನಗರದಲ್ಲಿದ್ದೆವು. ನಾನು ಆಗಷ್ಟೇ ಬಿ.ಎ.ಗೆ ಸೇರಿ ಇಂಗ್ಲಿಷ್ ತೆಗೆದುಕೊಂಡಿದ್ದೆ. ಆ ಇಂಗ್ಲಿಷೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಮಾವನ ದೃಷ್ಟಿಯಲ್ಲಿ ಪ್ರಪಂಚದಲ್ಲಿ ಇರುವುದೆಲ್ಲ ಇಂಜಿನ್ನು. ಕೆಟ್ಟರೆ ಅದಕ್ಕೆ ಕಾರಣ ಒಂದೇ, ವಾಷರ್. ಅಮ್ಮನ ಮಂಡಿ ನೋವಿಗೆ ವಾಷರ್ ಹೋಗಿದೆ ಅನ್ನುವರು. ನೆಂಟರ ಹುಡುಗಿಯ ಮದುವೆ ಮಾತುಕತೆ ಮುರಿದುಬಿದ್ದರೆ, "ಎಲ್ಲೋ ಒಂದು ವಾಷರ್ ಬಿಟ್ಟೌರೆ" ಅನ್ನುವರು. ಒಮ್ಮೆ ನಾನು ಹಿಂದಿಯಲ್ಲಿ ಫೇಲಾಗಿ ಅಳುತ್ತ ಕೂತಿದ್ದಾಗ ಬಂದು ತಲೆ ಸವರಿ, "ಅಳಬ್ಯಾಡ ಕಣವ್ವ, ಇಂಜಿನ್ ಚೆನ್ನಾಗೈತೆ, ವಾಷರ್ ಒಂದ್ ಹೋಗೈತೆ ಅಷ್ಟೇ" ಎಂದು ಸಮಾಧಾನ ಮಾಡಿದ್ದರು. ನನ್ನ ತಲೆಯೊಳಗೆ ವಾಷರ್ ಎಲ್ಲಿ ಹಾಕುತ್ತಾರೋ ಎಂದು ನಾನು ಅಳುವುದನ್ನೇ ಮರೆತಿದ್ದೆ.

ಈಗ ಸ್ಯಾಂಡ್‌ವಿಚ್ಚಿನ ವಿಷಯಕ್ಕೆ ಬರೋಣ. ಆ ವರ್ಷ ಚಳಿಗಾಲದಲ್ಲಿ ನಮ್ಮ ಅಜ್ಜಿ, ಮಾವನ ಅವ್ವ, ತೀರಿಕೊಂಡಿದ್ದರು. ಅವರು ಹೋದ ಮೇಲೆ ಬಂದ ಮೊದಲ ಪಿತೃಪಕ್ಷ ಅದು. ನಮ್ಮ ಕಡೆ ಮಹಾಲಯ ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಎಲೆ ಹಾಸಿ, ಹೋದವರು ಬದುಕಿದ್ದಾಗ ಏನೇನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಹಿರಿಯರು ಬಂದು ಉಂಡುಹೋಗಲಿ, ನಾವು ಎದುರಿಗಿದ್ದರೆ ಅವರಿಗೆ ಸಂಕೋಚ ಎಂದು. ನಮ್ಮ ಅಜ್ಜನ ವಿಷಯದಲ್ಲಿ ಯಾವತ್ತೂ ಗೊಂದಲವಿರಲಿಲ್ಲ. ಬೋಟಿ ಗೊಜ್ಜು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಬದುಕಿದ್ದಾಗ ಇವು ಮೂರಲ್ಲಿ ಒಂದು ತಪ್ಪಿದರೂ ಮನೆ ಸೂರು ಹಾರುವಂತೆ ಕೂಗಾಡುತ್ತಿದ್ದ ಪುಣ್ಯಾತ್ಮ. ಆದ್ದರಿಂದ ಯಾರೂ ಮರೆಯುವ ಹಾಗೇ ಇರಲಿಲ್ಲ.

ಅಜ್ಜಿಗೇನು ಇಡುವುದು?

ಹಬ್ಬಕ್ಕೆ ಇನ್ನೂ ದಿನಗಳಿರುವಾಗ ಮಾವನ ಮನೆ ಜಗುಲಿಯ ಮೇಲೆ ಈ ಪ್ರಶ್ನೆ ಬಂತು. ಮಾವ, ಅತ್ತೆ, ನಮ್ಮಮ್ಮ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮುದ್ದೆ," ಎಂದರು ಅಮ್ಮ.

"ಮುದ್ದೆ ಎಲ್ಲಾರ್ಗೂ ಇಡ್ತೀವಲ್ಲ. ಅವ್ವಂಗೇ ಅಂತ ಏನು?"

"ಬದ್ನೆಕಾಯಿ ಇಷ್ಟ ಇತ್ತಲ್ವಾ ಅಣ್ಣ? ದಿನಾ ತಿಂತಿದ್ಲು."

"ದಿನಾ ತಿಂತಿದ್ದಿದ್ದು ಹಿತ್ತಲಲ್ಲಿ ಬಿಡ್ತಿತ್ತು ಅಂತ. ಅದನ್ನ ನೀನು ಮುಟ್ತಿರ್ಲಿಲ್ಲ, ನಾನು ಮುಟ್ತಿರ್ಲಿಲ್ಲ. ಎಸೆಯಕ್ಕಾಗ್ದೆ ಅವಳು ತಿಂತಿದ್ಲು."

ಅತ್ತೆ ಮೆಲ್ಲಗೆ, "ಅತ್ತೆಮ್ಮ ಯಾವಾಗ್ಲೂ ತಣ್ಣಗಾದ ಸಾರೇ ಉಣ್ತಿದ್ರು" ಎಂದರು. ಹೌದು, ಯಾಕೆಂದರೆ ಎಲ್ಲರೂ ಉಂಡೆದ್ದ ಮೇಲೆ ಕೂರುತ್ತಿದ್ದರು. ಪಾತ್ರೆಯ ತಳದಲ್ಲಿ ಏನು ಉಳಿದಿರುತ್ತಿತ್ತೋ ಅದು ಅವರ ಊಟ. ಕೋಳಿ ಸಾರಿನಲ್ಲಿ ಕೋಳಿ ಉಳಿದಿರದಿದ್ದರೆ ಸಾರು, ಸಾರೂ ಉಳಿದಿರದಿದ್ದರೆ ಮಜ್ಜಿಗೆ. ಅಷ್ಟು ವರ್ಷ ನಮ್ಮೆಲ್ಲರ ಇಷ್ಟವನ್ನು ಬಾಯಿಪಾಠ ಮಾಡಿಕೊಂಡಿದ್ದ ಹೆಂಗಸು. ಆಕೆಗೆ ಏನು ಇಷ್ಟ ಎಂದು ಜಗುಲಿ ತುಂಬ ಕೂತಿದ್ದ ನಮಗೆ ಒಬ್ಬರಿಗೂ ಗೊತ್ತಿರಲಿಲ್ಲ. ಮಾವನ ಮುಖ ಸಣ್ಣಗಾಯಿತು. ಎಷ್ಟೋ ಹೊತ್ತು ಕೈಬೆರಳಿನ ಗ್ರೀಸು ಕೆರೆದುಕೊಳ್ಳುತ್ತ ಕೂತಿದ್ದವರು ಇದ್ದಕ್ಕಿದ್ದಂತೆ ತಲೆ ಎತ್ತಿದರು.

"ಸ್ಯಾಂಡ್‌ವಿಚ್ಚು," ಎಂದರು.

ಅತ್ತೆಗೆ ಅದೇನೋ ಲಾರಿಯ ಬಿಡಿಭಾಗದ ಹೆಸರಿರಬೇಕು ಅನ್ನಿಸಿತಂತೆ.

ಕತೆ ಹೀಗಿತ್ತು. ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿ, ಕೊನೆಗೊಂದು ದಿನ ದಪ್ಪ ಗಾಜಿನ ಕನ್ನಡಕ ಕೊಡಿಸಿಕೊಂಡು ಬರಲು ಮಾವ ಪೇಟೆಗೆ ಕರೆದುಕೊಂಡು ಹೋಗಿದ್ದರು. ಕನ್ನಡಕ ಹಾಕಿಕೊಂಡ ಅಜ್ಜಿ ರಸ್ತೆಯುದ್ದಕ್ಕೂ ಬೋರ್ಡು, ಬಸ್ಸು, ಹೆಂಗಸರ ಸೀರೆ ಎಲ್ಲ ನೋಡಿಕೊಂಡು ನಿಂತು ನಿಂತು ಬಂದರಂತೆ. ಬಸ್‌ಸ್ಟಾಪಿನ ಎದುರಿಗಿದ್ದ ಹೋಟೆಲಿಗೆ ಕಾಫಿಗೆ ಹೊಕ್ಕಾಗ ಪಕ್ಕದ ಟೇಬಲ್ಲಿನವನ ತಟ್ಟೆ ಕಡೆ ಬೆರಳು ತೋರಿಸಿ, "ಅದೇನ್ಲಾ ಅದು, ಬಾವುಟ ಇದ್ದಂಗೈತೆ?" ಎಂದು ಕೇಳಿದರಂತೆ. ಬಿಳಿ ಬ್ರೆಡ್ಡಿನ ಮಧ್ಯೆ ಹಸಿರು, ಕೆಂಪು. ಮಾವ ತಮಗೊಂದು ಕಾಫಿ ಹೇಳಿ ಅವ್ವನಿಗೆ ಅದನ್ನು ತರಿಸಿದರು. ಅಜ್ಜಿ ಅದನ್ನು ಪೂರ್ತಿ ತಿಂದು, ತಟ್ಟೆಯಲ್ಲಿ ಉದುರಿದ್ದ ಚೂರನ್ನೂ ಬೆರಳಲ್ಲಿ ಒತ್ತಿ ಒತ್ತಿ ಬಾಯಿಗೆ ಹಾಕಿಕೊಂಡರಂತೆ.

"ನಾನು ನನ್ನ ಕಣ್ಣಾರೆ ನೋಡಿವ್ನಿ," ಎಂದರು ಮಾವ. "ಅವ್ವ ತನಗೆ ಬೇಕು ಅಂತ ಕೇಳಿ ತಿಂದಿದ್ದು ಅದೊಂದೇ. ಎಡೆಗೆ ಅದೇ ಇಡಬೇಕು."

"ಹಂಗಾದ್ರೆ ಆ ಹೋಟ್ಲಿಂದಾನೇ ತಂದಿಡು," ಎಂದರು ಅಮ್ಮ.

ಅತ್ತೆ ಕೆರಳಿದರು. ಎಡೆಗೆ ಹೋಟೆಲಿನದು ಇಡುವುದುಂಟೇ? ಮನೆಯಲ್ಲಿ ಮಿಂದು ಮಡಿಯುಟ್ಟು ಮಾಡಿದ್ದನ್ನೇ ಇಡಬೇಕು. ಹಾಗಾದರೆ ಬೇಕರಿಯ ಬ್ರೆಡ್ಡು? ಇದರ ಮೇಲೆ ದೊಡ್ಡ ಚರ್ಚೆಯಾಗಿ, ಕಡೆಗೆ ಅತ್ತೆಯೇ ತೀರ್ಪು ಕೊಟ್ಟರು. ಅಜ್ಜನ ಬ್ರಾಂದಿಯನ್ನು ನಾವೇನು ಮನೆಯಲ್ಲಿ ಕಾಯಿಸುತ್ತೇವಾ? ಬೀಡಿ ಸುತ್ತುತ್ತೇವಾ? ಮನೆಯಲ್ಲಿ ಮಾಡಲಾಗದ್ದನ್ನು ತಂದಿಡಬಹುದು. ಹೀಗೆ ಬ್ರಾಂದಿಯ ಖಾತೆಗೆ ಬ್ರೆಡ್ಡು ಸೇರಿತು.

ಮಾರನೆಯ ಭಾನುವಾರ ಮಾವ ತಮ್ಮ ಹಳೇ ಮೋಟಾರ್ ಸೈಕಲ್ ಮೇಲೆ ನಮ್ಮ ಮನೆಗೆ ಬಂದು, "ಏಳವ್ವ, ಹೋಟ್ಲಿಗೆ ಹೋಗನ" ಎಂದರು. ನಾನ್ಯಾಕೆ ಎಂದರೆ, "ಸ್ಯಾಂಡ್‌ವಿಚ್ಚು ಇಂಗ್ಲಿಷ್ನೋರ್ದು. ನೀನು ಇಂಗ್ಲಿಷ್ ಓದ್ತಾ ಇದೀಯ. ನಿನಗೆ ಗೊತ್ತಾಗ್ತದೆ" ಎಂದರು. ನನ್ನ ಸಿಲೆಬಸ್ಸಿನಲ್ಲಿ ಸ್ಯಾಂಡ್‌ವಿಚ್ ಇರಲಿಲ್ಲ. ನಾನು ಆವರೆಗೆ ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಆದರೆ ಹೋಟೆಲಿಗೆ ಕರೆಯುವ ಮಾವನ ಎದುರು ಇಂಥ ಸತ್ಯವನ್ನೆಲ್ಲ ಯಾರಾದರೂ ಹೇಳುತ್ತಾರಾ?

ಹೋಟೆಲು ಅಲ್ಲೇ ಇತ್ತು. ಮಾಣಿ ಬಂದು, "ಪ್ಲೇನಾ ಸಾರ್, ಟೋಸ್ಟಾ?" ಎಂದ. ಮಾವ ಕಂಗಾಲಾದರು. ಅವ್ವ ತಿಂದದ್ದು ಯಾವುದು? ಅವರಿಗೆ ನೆನಪಿರಲಿಲ್ಲ. ಆವತ್ತು ಮಾಣಿ ಏನೋ ಕೇಳಿದ್ದ, ಇವರು ಹೂಂ ಅಂದಿದ್ದರು. ಆದರೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜಿ ವರ್ಣಿಸಿದ್ದು ಮಾತ್ರ ನೆನಪಿತ್ತು. 'ಮೆತ್ತಗಿತ್ತು ಕಣ್ಲಾ, ಕಚ್ಚಿದ್ರೆ ಕರಂ ಅಂತಿತ್ತು.' ಮೆತ್ತಗಿರುವುದು ಕರಂ ಅನ್ನುವುದು ಹೇಗೆ? ಕರಂ ಅನ್ನಬೇಕಾದರೆ ಸುಟ್ಟಿರಲೇಬೇಕು ಎಂದು ತರ್ಕ ಮಾಡಿ, "ಟೋಸ್ಟು" ಎಂದರು.

ಸ್ಯಾಂಡ್‌ವಿಚ್ ಬಂತು. ನಾನು ಕೈ ಚಾಚಿದೆ. ಮಾವ ನನ್ನ ಕೈ ಮೇಲೆ ಒಂದು ಬಿಟ್ಟರು. ಆಮೇಲೆ ಜೇಬಿನಿಂದ ಒಂದು ನ್ಯೂಸ್‌ಪೇಪರ್ ತೆಗೆದು ಟೇಬಲ್ ಮೇಲೆ ಹಾಸಿ, ಅಂಗಿ ತೋಳು ಮಡಚಿ, ಸ್ಯಾಂಡ್‌ವಿಚ್ಚನ್ನು ಬಿಚ್ಚತೊಡಗಿದರು! ಗ್ಯಾರೇಜಿನಲ್ಲಿ ಕಾರ್ಬುರೇಟರ್ ಬಿಚ್ಚುವಾಗ ಅವರದೊಂದು ಕ್ರಮ. ಮೊದಲು ತೆಗೆದದ್ದು ಎಡಗಡೆ, ಆಮೇಲೆ ತೆಗೆದದ್ದು ಅದರ ಪಕ್ಕ, ಸಾಲಾಗಿ ಇಡಬೇಕು. ವಾಪಸ್ಸು ಜೋಡಿಸುವಾಗ ಒಂದು ವಾಷರೂ ಉಳಿಯಬಾರದು. ಹಾಗೇ ಮೇಲಿನ ಬ್ರೆಡ್ಡು, ಒಂದು ಸೌತೆಕಾಯಿ ಬಿಲ್ಲೆ, ಇನ್ನೊಂದು ಸೌತೆಕಾಯಿ ಬಿಲ್ಲೆ, ಟೊಮೇಟೊ, ಆಲೂಗಡ್ಡೆ, ಬೀಟ್‌ರೂಟು ಎಂದು ಪೇಪರಿನ ಮೇಲೆ ಸಾಲು ಬೆಳೆಯಿತು. ಮೇಲೆ ಚುಚ್ಚಿದ್ದ ಕಡ್ಡಿಯನ್ನು ಬೇರೆ ಇಟ್ಟರು, ಅದು ಬೋಲ್ಟು.

ಮಾಣಿ ಓಡಿಬಂದ. "ಸಾರ್, ಒಳಗೆ ಏನಾದ್ರೂ ಬಿದ್ದಿತ್ತಾ?"

"ಇಲ್ಲಪ್ಪ. ಬಿಚ್ಚಿ ನೋಡ್ತಾ ಇವ್ನಿ."

ಅವನು ಹೋಗಿ ಮ್ಯಾನೇಜರನ್ನು ಕರೆತಂದ. ಆ ಮನುಷ್ಯ ಮಾವನ ಕೈ ಉಗುರಿನ ಕಪ್ಪು, ಪೇಪರಿನ ಮೇಲಿನ ಸಾಲು ಎರಡನ್ನೂ ನೋಡಿ, ಇವರು ಕಾರ್ಪೊರೇಷನ್ನಿನ ಹೆಲ್ತ್ ಇನ್‌ಸ್ಪೆಕ್ಟರೋ ಇಲ್ಲಾ ತಲೆ ಕೆಟ್ಟವರೋ ತೀರ್ಮಾನಿಸಲಾಗದೆ ಕೈಮುಗಿದು ನಿಂತ.

"ಈ ಹಸಿರುದು ಏನು ಸ್ವಾಮಿ?" ಎಂದರು ಮಾವ.

"ಚಟ್ನಿ ಸಾರ್."

"ಏನ್ ಚಟ್ನಿ?"

"ಗ್ರೀನ್ ಚಟ್ನಿ ಸಾರ್."

ಇದಕ್ಕಿಂತ ಹೆಚ್ಚಿನ ಗುಟ್ಟು ಅವನು ಬಿಟ್ಟುಕೊಡಲಿಲ್ಲ. ಮಾವ ಒಂದೊಂದೇ ಭಾಗವನ್ನು ನನ್ನ ಕೈಗೆ ಕೊಟ್ಟು, "ತಿಂದು ಹೇಳು" ಎಂದರು. ನನ್ನ ಬದುಕಿನ ಮೊದಲ ಸ್ಯಾಂಡ್‌ವಿಚ್ಚನ್ನು ನಾನು ತಿಂದದ್ದು ಹೀಗೆ, ಮೊದಲು ಸೌತೆಕಾಯಿ, ಆಮೇಲೆ ಟೊಮೇಟೊ, ಕೊನೆಗೆ ಒಣ ಬ್ರೆಡ್ಡು. ಎಲ್ಲಾ ಸೇರಿಸಿ ತಿಂದರೆ ರುಚಿ ಹೇಗಿರುತ್ತಿತ್ತೋ ಆ ದೇವರಿಗೇ ಗೊತ್ತು. ಮಾವ ಒಂದು ಚೂರೂ ಬಾಯಿಗಿಡಲಿಲ್ಲ. "ನನಗೇನಾಗೈತೆ? ಜ್ವರವಾ?" ಎಂದರು.

ಪ್ರಯೋಗಗಳು ಶುರುವಾದವು. ದಿನಾ ಸಂಜೆ ಗ್ಯಾರೇಜಿನಿಂದ ಬರುವಾಗ ಮಾವ ರಸ್ತೆ ಬದಿಯ ಬೇಕರಿಯಲ್ಲಿ ಒಂದು ಬ್ರೆಡ್ಡು ಕಟ್ಟಿಸಿಕೊಂಡು ಬರುತ್ತಿದ್ದರು. ಊರಿನವರು ಸುಮ್ಮನಿರುತ್ತಾರಾ? ಆ ಮನೆಗೆ ದಿನಾ ಬ್ರೆಡ್ಡು ಹೋಗುತ್ತಿದೆ. ಯಜಮಾನ ನೋಡಿದರೆ ಕಲ್ಲುಗುಂಡಿನ ಹಾಗಿದ್ದಾನೆ. ಹಾಗಾದರೆ ಕಾಯಿಲೆ ಯಾರಿಗೆ? ಯಜಮಾನಿತಿಗೇ ಇರಬೇಕು. ಪಾಪ, ತನ್ನ ಅತ್ತೆ ಹೋದ ಕೊರಗಲ್ಲಿ ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿಯಾಯಿತು. ಒಬ್ಬರು ಮೋಸಂಬಿ ತಂದರು, ಒಬ್ಬರು ಎಳನೀರು, ಮತ್ತೊಬ್ಬರು ದೇವಸ್ಥಾನದ ಕುಂಕುಮ. ಅತ್ತೆ ಒಲೆ ಮುಂದೆ ಮುದ್ದೆ ತಿರುವುತ್ತ, "ನಂಗೇನೂ ಆಗಿಲ್ಲ ಕಣ್ರವ್ವ, ಚೆನ್ನಾಗಿವ್ನಿ" ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಒಬ್ಬ ಮುದುಕಿಯಂತೂ ಅತ್ತೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಒಳಜ್ವರ ಕಣವ್ವ ಇದು, ಮೇಲೆ ಕಾಣಲ್ಲ. ಎಂಗ್ ಸೊರಗೋಗಿದೀಯ" ಎಂದು ಕಣ್ಣೊರೆಸಿಕೊಂಡು ಹೋದಳು. ಸಂಜೆ ಹೊತ್ತಿಗೆ ಅತ್ತೆಗೆ ನಿಜವಾಗಿಯೂ ಮೈ ಸ್ವಲ್ಪ ಬೆಚ್ಚಗಿದೆ ಅನ್ನಿಸಿ, ಮಾವ ತಂದಿದ್ದ ಬ್ರೆಡ್ಡಿನಲ್ಲಿ ಎರಡು ತುಂಡು ಹಾಲಲ್ಲಿ ಅದ್ದಿಕೊಂಡು ತಿಂದು ಮಲಗಿದರು.

ಚಟ್ನಿ ಅತ್ತೆಯ ಪಾಲಿಗೆ ಬಂದಿತ್ತು. ಅವರು ಮುದ್ದೆಗೆ ಅರೆಯುವ ಹಾಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿಸೊಪ್ಪು ಹಾಕಿ ರುಬ್ಬಿದರು. ರುಚಿ ನೋಡುವ ಅಧಿಕಾರಿ ನಾನು, ಇಂಗ್ಲಿಷ್ ಓದಿದವಳು. ಒಂದು ಸಲ ಕಚ್ಚಿದ್ದಕ್ಕೇ ನನ್ನ ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. ಮಾವ ಆಸೆಯಿಂದ ನನ್ನ ಮುಖ ನೋಡುತ್ತಿದ್ದರು.

"ಅದೇ ರುಚಿನಾ ಮಗಾ?"

"ಅಲ್ಲ," ಎಂದೆ, ಬಾಯಿ ತೆರೆಯಲು ಸಾಧ್ಯವಾದ ಮೇಲೆ.

"ಹಂಗಾದ್ರೆ ಯಾಕಳ್ತಾ ಇದೀಯ? ಅಜ್ಜಿ ನೆನಪಾಯ್ತಾ?"

ಚಟ್ನಿ ಹೇಗೋ ಹದಕ್ಕೆ ಬಂತು ಎನ್ನಿ. ಆದರೆ ಆ ಕರಂ ಮಾತ್ರ ಬರಲಿಲ್ಲ. ಬ್ರೆಡ್ಡು ಸುಡುವ ಯಂತ್ರ ನಮ್ಮಲ್ಲಿ ಯಾರ ಮನೆಯಲ್ಲಿತ್ತು? ರೊಟ್ಟಿ ಹೆಂಚಿನ ಮೇಲೆ ಹಾಕಿದರೆ ಕೆಳಗೆ ಸೀದು ಮೇಲೆ ಹಸಿ ಉಳಿಯಿತು. ಮೇಲಿನಿಂದಲೂ ಶಾಖ ಬೇಕು ಎಂದು ಮಾವ ಕೆಂಡದ ಇಸ್ತ್ರಿಪೆಟ್ಟಿಗೆ ತಂದರು. ಬ್ರೆಡ್ಡಿನ ಮೇಲೆ ಮುತ್ತುಗದೆಲೆ ಹಾಸಿ, ಮದುವೆಗೆ ಹೋಗುವ ಅಂಗಿಯನ್ನು ಉಜ್ಜುವ ಹಾಗೆ ನಾಜೂಕಾಗಿ ಸ್ಯಾಂಡ್‌ವಿಚ್ಚಿಗೆ ಇಸ್ತ್ರಿ ಹಾಕಿದರು. ಮೇಲೆ ನೋಡಲು ಮಡಿಕೆ ಸುಕ್ಕಿಲ್ಲದೆ ಬಹಳ ಸೊಗಸಾಗಿತ್ತು. ತಿಂದರೆ ಮಾವನ ಖಾಕಿ ಅಂಗಿಯ ವಾಸನೆ. ಅತ್ತೆ ನನ್ನ ಕಡೆ ತಿರುಗಿ, "ನಿಮ್ಮ ಮಾವಂಗೆ ಹೇಳವ್ವ, ಇಸ್ತ್ರಿಪೆಟ್ಟಿಗೆ ಮತ್ತೆ ಒಲೆ ಹತ್ರ ಕಂಡ್ರೆ ನಾನು ತವರಿಗೆ ಹೋಗ್ತೀನಿ ಅಂತ" ಎಂದರು. ಮಾವ ಪಕ್ಕದಲ್ಲೇ ನಿಂತಿದ್ದರು. ಸಿಟ್ಟು ಬಂದಾಗ ಅತ್ತೆ ಮಾವನಿಗೆ ಹೇಳುವುದನ್ನೆಲ್ಲ ನನ್ನ ಮೂಲಕವೇ ಹೇಳುವುದು.

ಇಸ್ತ್ರಿಪೆಟ್ಟಿಗೆ ಹೋಯಿತು, ಗ್ಯಾರೇಜು ಬಂತು. ಎರಡು ಕಬ್ಬಿಣದ ತಗಡನ್ನು ಬೆಂಕಿಯಲ್ಲಿ ಕಾಯಿಸಿ, ನಡುವೆ ಸ್ಯಾಂಡ್‌ವಿಚ್ ಇಟ್ಟು, ಲಾರಿ ಎತ್ತುವ ಜಾಕ್ ಕೊಟ್ಟು ಒತ್ತಿದರು. ಮಾವನ ಲೆಕ್ಕ ಒಂದು ಪಂಪು ತಪ್ಪಿತು ಅಂತ ಕಾಣುತ್ತದೆ. ಹೊರಗೆ ಬಂದದ್ದು ಬಣ್ಣ ಬಣ್ಣದ ಹಪ್ಪಳ. ಸೌತೆಕಾಯಿ ಗೋಡೆಗೆ ಹಾರಿ ಅಂಟಿಕೊಂಡಿತ್ತು. ಗ್ಯಾರೇಜಿನ ಮೆಕ್ಯಾನಿಕ್‌ಗಳು ಆ ಹಪ್ಪಳವನ್ನು ಹಂಚಿಕೊಂಡು ತಿಂದು, "ಸೂಪರ್ ಅಣ್ಣ" ಎಂದರು. ಆದರೆ ಅವರು ಹಸಿದಾಗ ಏನು ಕೊಟ್ಟರೂ ಸೂಪರ್ ಅನ್ನುವ ಜನ, ಅದನ್ನು ಮಾವ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅಮಾವಾಸ್ಯೆ ಹತ್ತಿರ ಬಂತು. ಮಾವನ ತಮಾಷೆ ನಿಂತುಹೋಯಿತು. ನಾವು ನಕ್ಕರೆ ಸಿಡುಕುತ್ತಿದ್ದರು. ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ಕೂತು, ಯಾರಿಗೂ ಅಲ್ಲದ ಹಾಗೆ, "ಅಪ್ಪಂಗೆ ವರ್ಷಾ ವರ್ಷಾ ಕೇಳಿದ್ದೆಲ್ಲ ಇಡ್ತೀವಿ. ಅವಳಿಗೆ ಒಂದೇ ಒಂದು, ಅದೂ ಆಗ್ತಾ ಇಲ್ಲ" ಎಂದರು. ಅಷ್ಟು ದೊಡ್ಡ ದೇಹದ ಮಾವ ಹಾಗೆ ಕುಗ್ಗಿ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಬಹಳ ಬೇಜಾರಾಯಿತು.

ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಮೊರ ಕೆಳಗಿಟ್ಟರು. "ಅಲ್ಲಾ, ಅತ್ತೆಮ್ಮಂಗೆ ಹಲ್ಲೆಲ್ಲಿತ್ತು?"

ಮಾವ ತಿರುಗಿ ನೋಡಿದರು.

"ಮುಂದೆ ಎರಡು ಇದ್ವು ಅಷ್ಟೇ. ರೊಟ್ಟಿ ಕೊಟ್ರೆ ಸಾರಲ್ಲಿ ನೆನೆ ಹಾಕ್ಕೊಂಡು ತಿಂತಿದ್ರು. ಸುಟ್ಟಿದ್ದ ಬ್ರೆಡ್ಡು ಎಂಗ್ ತಿಂತಾರೆ? ಅವ್ರು ತಿಂದಿದ್ದು ಮೆತ್ತಗಿರೋದೇ. ಆ ಮುಂದಿನ ಎರಡು ಹಲ್ಲಲ್ಲಿ ಸೌತೆಕಾಯಿ ಕಡಿದಿರ್ತಾರೆ, ಅದಕ್ಕೇ ಕರಂ ಅಂದಿರ್ತದೆ."

ಇಷ್ಟು ದಿನ ಬೆಂಕಿ, ಇಸ್ತ್ರಿ, ಜಾಕು ಎಂದು ಒದ್ದಾಡಿದ ನಮಗೆ ಅಜ್ಜಿಗೆ ಹಲ್ಲಿರಲಿಲ್ಲ ಎಂಬುದೇ ಮರೆತುಹೋಗಿತ್ತು. ನೆನಪಿದ್ದವರು ಅತ್ತೆ ಒಬ್ಬರೇ. ಇರಲೇಬೇಕಲ್ಲ, ಅಜ್ಜಿಯ ಜೊತೆಯಲ್ಲಿ ಕೊನೆಯ ಪಂಕ್ತಿಗೆ ಕೂತು ಉಣ್ಣುತ್ತಿದ್ದವರು ಅವರೊಬ್ಬರೇ ತಾನೆ.

ಮಾವ, "ಮೊದಲೇ ಯಾಕೆ ಹೇಳಲಿಲ್ಲ?" ಎಂದರು.

"ಯಾರು ಕೇಳಿದ್ರು?" ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ಅಮಾವಾಸ್ಯೆ ದಿನ ಬಂತು. ಅಡುಗೆಮನೆಯಲ್ಲಿ ಬೋಟಿ ಕುದಿಯುತ್ತಿತ್ತು, ವಡೆ ಬೇಯುತ್ತಿತ್ತು, ಅಮ್ಮನೂ ಅತ್ತೆಯೂ ಹೊಗೆಯಲ್ಲಿ ಓಡಾಡುತ್ತಿದ್ದರು. ಮಾವ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಒಂದು ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತರು. ಉಗುರಿನಲ್ಲಿ ಒಂದಿಷ್ಟು ಕಪ್ಪು ಮಾತ್ರ ಹೋಗಿರಲಿಲ್ಲ. ಸ್ಯಾಂಡ್‌ವಿಚ್ಚಿಗೆ ಯಾರೂ ಕೈ ಹಾಕಕೂಡದು ಎಂದು ಮೊದಲೇ ಹೇಳಿದ್ದರು. ಬ್ರೆಡ್ಡಿನ ಅಂಚು ಕತ್ತರಿಸಿದರು. ಮನೆ ಎಮ್ಮೆಯ ಬೆಣ್ಣೆ ಸವರಿದರು. ಚಟ್ನಿ, ಬೀಟ್‌ರೂಟು, ಆಲೂಗಡ್ಡೆ, ಟೊಮೇಟೊ, ಎಲ್ಲಕ್ಕಿಂತ ಮೇಲೆ ಸೌತೆಕಾಯಿ, ಎರಡು ಹಲ್ಲಿಗೂ ದಕ್ಕುವಷ್ಟು ತೆಳ್ಳಗೆ ಹೆಚ್ಚಿದ್ದು. ಉಪ್ಪು ಎಷ್ಟು ಹಾಕಲಿ ಎಂದು ಕೈ ತಡೆದು ನಿಂತರು. ಎಡೆಯ ಅಡುಗೆಯನ್ನು ಹಿರಿಯರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲು. ನನ್ನ ಅಧಿಕಾರಿ ಪದವಿ ಆವತ್ತು ನಡೆಯುವಂತಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಉದುರಿಸಿದರು. ಮೂಲೆಯಿಂದ ಮೂಲೆಗೆ ಕತ್ತರಿಸಿ, ಊಟದೆಲೆ ಹಚ್ಚುವ ಕಡ್ಡಿ ಮುರಿದು ಮೇಲೆ ಚುಚ್ಚಿದರು. ಬಾವುಟದ ಹಾಗೇ ಕಾಣುತ್ತಿತ್ತು.

ನಡುಮನೆಯಲ್ಲಿ ಎರಡು ಎಲೆ. ಒಂದರ ಹಿಂದೆ ಅಜ್ಜನ ಫೋಟೊ, ಬೀಡಿ, ಬ್ರಾಂದಿ. ಇನ್ನೊಂದರ ಹಿಂದೆ ಅಜ್ಜಿಯ ಫೋಟೊ, ಹೊಸ ಸೀರೆ. ಮಾವ ಅಜ್ಜಿಯ ದಪ್ಪ ಗಾಜಿನ ಕನ್ನಡಕ ತಂದು, ಪಂಚೆಯ ತುದಿಯಲ್ಲಿ ಒರೆಸಿ, ಎಲೆಯ ಕಡೆ ಮುಖವಾಗಿ ಇಟ್ಟರು. ಆಮೇಲೆ ಒಂದು ಸ್ಯಾಂಡ್‌ವಿಚ್ ಇಟ್ಟರು. ಅದರ ಪಕ್ಕದಲ್ಲಿ ಇನ್ನೊಂದು.

"ಎರಡ್ಯಾಕಣ್ಣ?" ಎಂದರು ಅಮ್ಮ. "ಆವತ್ತು ತರಿಸಿದ್ದು ಒಂದೇ ಅಂದಿದ್ಯಲ್ಲ?"

ಮಾವ ಎಲೆಯನ್ನೇ ನೋಡುತ್ತಿದ್ದರು.

"ಹೂಂ, ಒಂದೇ. ತಿಂದಾದ್ಮೇಲೆ, 'ಇನ್ನೊಂದು ಐತೇನ್ಲಾ?' ಅಂದ್ಲು. ನಾನು, ಬಸ್ಸು ಹೋಗ್ಬಿಡ್ತದೆ, ಏಳವ್ವ, ಇನ್ನೊಂದ್ಸಲ ಬಂದಾಗ ತಿನ್ನೀವಂತೆ ಅಂದೆ. ಕೈ ಹಿಡ್ಕೊಂಡು ಎಬ್ಬಿಸ್ಕೊಂಡು ಬಂದೆ." ಕನ್ನಡಕವನ್ನು ಎಲೆಗೆ ಇನ್ನಷ್ಟು ಹತ್ತಿರ ಸರಿಸಿದರು. "ಇನ್ನೊಂದ್ಸಲ ಕರ್ಕೊಂಡ್ ಹೋಗ್ಲೇ ಇಲ್ಲ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ನಾವೆಲ್ಲ ಜಗುಲಿಗೆ ಬಂದೆವು. ಮಾವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಬೇರೆ ವರ್ಷವಾದರೆ ಅಜ್ಜನ ಬ್ರಾಂದಿ ಕಡಿಮೆಯಾಯಿತಾ ಎಂದು ಬೇಗ ಬೇಗ ಇಣುಕಿ ನೋಡುತ್ತಿದ್ದವರು, ಆವತ್ತು ಅಮ್ಮ "ಸಾಕಣ್ಣ, ತೆಗಿ" ಎಂದರೂ, "ಇರು, ನಿಧಾನಕ್ಕೆ ತಿನ್ಲಿ, ಹಲ್ಲಿಲ್ಲ" ಎಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಆಮೇಲೆ ಊಟಕ್ಕೆ ಕೂತೆವು. ಗಂಡಸರದಾಯಿತು, ನೆಂಟರದಾಯಿತು, ಅಮ್ಮನದೂ ನನ್ನದೂ ಆಯಿತು. ಅಜ್ಜಿಯ ಎಲೆಯ ಮೇಲಿದ್ದ ಒಂದು ಸ್ಯಾಂಡ್‌ವಿಚ್ಚನ್ನು ಮಾವ ತಾವೇ ತಿಂದರು. ಜ್ವರ ಇಲ್ಲದೆ ಬ್ರೆಡ್ಡು ತಿಂದದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಹೇಗಿದೆ ಮಾವ ಎಂದು ಕೇಳಿದೆ. ಅವರು ಇನ್ನೊಂದನ್ನು ತಟ್ಟೆಗೆ ಹಾಕಿಕೊಂಡು ಎದ್ದರು.

ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಕೂತು ಪಾತ್ರೆಯ ತಳದ ಸಾರಿಗೆ ಮುದ್ದೆ ಅದ್ದುತ್ತಿದ್ದರು. ಬೋಟಿ ಮುಗಿದುಹೋಗಿತ್ತು. ಮಾವ ಹೋಗಿ ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಟ್ಟೆ ಮುಂದಿಟ್ಟರು.

"ನಂಗ್ಯಾಕೆ? ನೀವೇ ತಿನ್ನಿ," ಎಂದರು ಅತ್ತೆ.

"ತಿಂದು ನೋಡು. ಇಷ್ಟ ಆಯ್ತಾ ಹೇಳು. ಆಗ್ಲಿಲ್ಲ ಅಂದ್ರೆ ನಿಂಗೇನಿಷ್ಟ ಅಂತ ಈಗ್ಲೇ ಬಾಯಿ ಬಿಟ್ಟು ಹೇಳ್ಬಿಡು. ಆಮೇಲೆ ಜಾಕ್ ಹಿಡ್ಕೊಂಡು ಊರೆಲ್ಲಾ ಹುಡುಕಕ್ಕೆ ನನ್ನ ಕೈಲಾಗಲ್ಲ."

ಅತ್ತೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು. ಎಂದಿನಂತೆ ನನ್ನ ಮೂಲಕ ಏನೋ ಹೇಳಿ ಕಳಿಸುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಕೈ ತೊಳೆದುಕೊಂಡು ಬಂದು ಕಡ್ಡಿ ತೆಗೆದಿಟ್ಟು, ಮೆಲ್ಲಗೆ ಒಮ್ಮೆ ಕಚ್ಚಿದರು. ಕರಂ ಎಂದಿತು. ಪೂರ್ತಿ ತಿಂದರು. ತಟ್ಟೆಯಲ್ಲಿ ಉದುರಿದ್ದ ಚೂರನ್ನು ಬೆರಳಲ್ಲಿ ಒತ್ತಿ ಬಾಯಿಗೆ ಹಾಕಿಕೊಂಡರು.

"ಉಪ್ಪು ಒಂಚೂರು ಮುಂದಾಗೈತೆ," ಎಂದರು. ಆಮೇಲೆ ತಲೆ ಎತ್ತದೆ, "ಇನ್ನೊಂದು ಐತಾ?"

ಮಾವ ಪಂಚೆ ಎತ್ತಿ ಕಟ್ಟಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು.

"ಮಾಡ್ತೀನಿ, ಕೂತ್ಕೋ. ನಮಗೇನು ಬಸ್ಸು ಹಿಡಿಯದೈತಾ?"